ತಟ್ಟೆ ದಾಟಿ ಹೋದ ಭಾನುವಾರ

ಜನವರಿ 12, ಭಾನುವಾರ

ಕೀಬೋರ್ಡಿನ ಎರಡು ಕೀ ಇವತ್ತೂ ಅಂಟಿಕೊಂಡವು. ಮೂರನೆಯ ಹಾಡನ್ನು ಶ್ರುತಿ ಇಳಿಸಿಯೇ ನುಡಿಸಿದೆ. ಗಂಡಸರು ಹೊಟ್ಟೆಯಿಂದ ಹಾಡಿದರು, ಹೆಂಗಸರು ಪಿಸುಗುಟ್ಟಿದರು. ಇವರಿಗೆ ಹೇಳಿದರೆ, ಕಮಿಟಿ ಮುಂದೆ ಇಟ್ಟಿದ್ದೇನೆ, ನೋಡೋಣ ಎನ್ನುತ್ತಾರೆ. ಚರ್ಚಿನ ಸೆಕ್ರೆಟರಿಯ ಹೆಂಡತಿಯಾಗಿ ಸಿಕ್ಕ ಲಾಭ ಇದೊಂದೇ — ದೂರು ಹೇಳಲು ದೂರ ಹೋಗಬೇಕಾಗಿಲ್ಲ.

ಪ್ರಸಂಗ ಮುಗಿದ ಮೇಲೆ ಪಾಸ್ಟರ್ ಒಬ್ಬ ಅತಿಥಿಯನ್ನು ಎಬ್ಬಿಸಿ ನಿಲ್ಲಿಸಿದರು. ಕೆನೆ ಬಣ್ಣದ ಕೋಟು, ಬಾಯಿ ತುಂಬ ಹಲ್ಲು. ಮುಂದಿನ ಬೆಂಚಿನಲ್ಲಿ ಕೂತಿದ್ದ. ಅಮ್ಮ ಅವನನ್ನು ಯಾವುದೋ ಮದುವೆಯ ಗಂಡಿನ ಅಪ್ಪ ಅಂದುಕೊಂಡಿದ್ದಳಂತೆ. ಅಲ್ಲ, ಚುನಾವಣೆಗೆ ನಿಂತವನು. ಕೊಡೆ ಗುರುತಿನ ಪಕ್ಷ. ನಮ್ಮವರು, ವಿಶ್ವಾಸಿಗಳು, ಇವರಿಗಾಗಿ ಪ್ರಾರ್ಥಿಸೋಣ ಎಂದರು ಪಾಸ್ಟರ್. ಪ್ರಾರ್ಥಿಸಿದೆವು. ಪ್ರಾರ್ಥನೆಗೇನು, ಕಾಯಿಲೆಯವರಿಗೂ ಮಾಡುತ್ತೇವೆ.

ಜನವರಿ 14, ಮಂಗಳವಾರ

ದಿನವಿಡೀ ಹಲ್ಲಿನ ಲ್ಯಾಬಿನಲ್ಲಿ ಮೇಣ ಕೆರೆದದ್ದೇ ಆಯಿತು. ಮೂರು ಸೆಟ್ ಹಲ್ಲು ಜೋಡಿಸಿ ಮುಗಿಸಿದೆ. ಉಗುರಿನ ಸಂದಿಯಲ್ಲಿ ಗುಲಾಬಿ ಬಣ್ಣದ ಪುಡಿ, ಎಷ್ಟು ತೊಳೆದರೂ ಹೋಗದು.

ಎದುರಿನ ಗೋಡೆಗೆ ಆ ಕೆನೆ ಕೋಟಿನವನ ಪೋಸ್ಟರ್ ಹಚ್ಚಿದ್ದಾರೆ. ಲ್ಯಾಬಿನ ಮಾಲೀಕರು ನೋಡಿ ನಕ್ಕರು. ಆ ಮೇಲಿನ ಹಲ್ಲಿನ ಸಾಲು ನಮ್ಮ ಲ್ಯಾಬಿನದೇ, ಹೋದ ವರ್ಷ ನೀವೇ ಜೋಡಿಸಿದ್ದು ಎಂದರು. ರಸ್ತೆ ದಾಟಿ ಹತ್ತಿರದಿಂದ ನೋಡಿ ಬಂದೆ. ಕೆಲಸ ಚೆನ್ನಾಗಿದೆ. ನಗುವಿಗೆ ನಾನು ಜವಾಬ್ದಾರಳಲ್ಲ.

ಫೆಬ್ರವರಿ 2, ಭಾನುವಾರ

ನನ್ನ ತಮ್ಮ ಊಟಕ್ಕೆ ಬಂದ. ಸ್ಕೂಟರಿನ ಹ್ಯಾಂಡಲಿಗೆ ಬಾವುಟ — ಗಂಟೆ ಪಕ್ಷದ್ದು. ಅವನು ನರ್ಸ್ ಆಗಿರುವ ಆಸ್ಪತ್ರೆಯ ಹೆರಿಗೆ ವಾರ್ಡನ್ನು, ಕೊಡೆಯವರು ಗೆದ್ದರೆ ಖಾಸಗಿಯವರಿಗೆ ಒಪ್ಪಿಸುತ್ತಾರಂತೆ. ಕೋಟು ಭಾಷಣದಲ್ಲೇ ಹೇಳಿದ್ದಾನೆ. ಬಿಡುವುದಿಲ್ಲ ಎಂದು ಗಂಟೆಯವರು ಮಾತು ಕೊಟ್ಟಿದ್ದಾರೆ. ಅದಕ್ಕೇ ಇವನು ಅವರ ಕಡೆ. ಮದುವೆ ಮಕ್ಕಳು ಅಂತ ಏನೂ ಮಾಡಿಕೊಳ್ಳದವನಿಗೆ ಆ ವಾರ್ಡೇ ಸಂಸಾರ.

ಇವರು ಸುಮ್ಮನಿರಬಹುದಿತ್ತು. ನಿನಗೆ ರಾಜಕೀಯ ಬೇಕಿದ್ದರೆ ಮಾಡಿಕೋ, ಚರ್ಚಿನ ಸಭೆಯ ಹೆಸರು ಕೆಡಿಸಬೇಡ ಎಂದರು.

"ಸಭೆ ಒಳಗೆ ರಾಜಕೀಯ ತಂದೋನು ನಾನಲ್ಲ ಬಾವ. ಮುಂದಿನ ಬೆಂಚಲ್ಲಿ ಯಾರನ್ನ ಕೂರಿಸಿದ್ರಿ, ನೋಡ್ಕೊಳ್ಳಿ."

ಅಮ್ಮ ಇಬ್ಬರ ತಟ್ಟೆಗೂ ಕೇಳದೆ ಇನ್ನಷ್ಟು ಬಡಿಸಿದಳು. ಬಾಯಿ ತುಂಬಿದ್ದರೆ ಜಗಳವಾಗದು ಎನ್ನುವುದು ಅವಳ ಹಳೆಯ ಉಪಾಯ. ಅಪ್ಪನ ಮೇಲೆ ನಡೆಯುತ್ತಿತ್ತು.

ಫೆಬ್ರವರಿ 16, ಭಾನುವಾರ

ದೇವರ ನೆರಳು ಎಂದರೇನು? ಇವತ್ತಿನ ಪ್ರಸಂಗ. ಬಿಸಿಲಲ್ಲಿ ನಡೆಯುವವನಿಗೆ ನೆರಳು ಕೊಡುವುದು ಯಾವುದು, ನೀವೇ ಹೇಳಿ ಎಂದರು ಪಾಸ್ಟರ್. ಯಾರೋ ಹಿಂದಿನಿಂದ, ಮರ ಎಂದರು. ಪಾಸ್ಟರಿಗೆ ಆ ಉತ್ತರ ಬೇಕಿರಲಿಲ್ಲ. ಇನ್ನೊಂದು ಸಲ ಕೇಳಿದರು. ಈ ಸಲ ಕೋಟಿನ ಡ್ರೈವರು, ಕೊಡೆ ಎಂದ. ಜನ ಚಪ್ಪಾಳೆ ತಟ್ಟಿದರು. ಆರಾಧನೆಯಲ್ಲಿ ಚಪ್ಪಾಳೆ... ಅಪ್ಪ ಇದ್ದಿದ್ದರೆ ಎದ್ದು ಹೊರಗೆ ಹೋಗುತ್ತಿದ್ದರು.

ಸಂಡೇ ಸ್ಕೂಲಿನ ಮಕ್ಕಳಿಗೆ ಬಣ್ಣ ಹಚ್ಚಲು ಕೊಟ್ಟ ಹಾಳೆಯಲ್ಲೂ ಕೊಡೆ. ಒಂದು ಪುಟ್ಟಿ ಅದಕ್ಕೆ ಕಪ್ಪು ಬಳಿದಿದ್ದಳು. ಟೀಚರ್ ಬೇರೆ ಹಾಳೆ ಕೊಟ್ಟರು.

ಮನೆಗೆ ಬರುತ್ತ ಇವರನ್ನು ಕೇಳಿದೆ, ಇದೆಲ್ಲ ಸರಿಯಾ ಎಂದು. ಚರ್ಚಿನ ಸ್ಕೂಲಿಗೆ ಮೇಲಿನ ಮಹಡಿ ಕಟ್ಟಲು ಪರ್ಮಿಷನ್ ಸಿಗಬೇಕಲ್ಲ ಎಂದರು. ಪಾಪ ಅನ್ನಿಸಿತು. ಬಸ್ ಡಿಪೋದಿಂದ ರಿಟೈರ್ ಆದ ಮೇಲೆ ಇವರನ್ನು ಜನ 'ಸಾರ್' ಎಂದು ಕರೆಯುವ ಜಾಗ ಚರ್ಚೊಂದೇ.

ಫೆಬ್ರವರಿ 25, ಮಂಗಳವಾರ

ಆಸ್ಪತ್ರೆಯ ಗೇಟಿನ ಮುಂದೆ ತಮ್ಮ ಭಾಷಣ ಮಾಡಿದ್ದಾನೆ. ಪಾಸ್ಟರ್ ಪ್ರಸಂಗಪೀಠವನ್ನು ಬಾಡಿಗೆಗೆ ಬಿಟ್ಟಿದ್ದಾರೆ ಎಂದನಂತೆ. ಅದರ ವಿಡಿಯೋ ಸಂಜೆಯ ಒಳಗೆ ಚರ್ಚಿನ ಗ್ರೂಪಿಗೆ ಬಂತು. ಕೆಳಗೆ ಸಾಲುಸಾಲು ಆಮೆನ್ — ಅವನಿಗಲ್ಲ, ಅವನ ಮನಸ್ಸು ತಿರುಗಲಿ ಎಂಬ ಪ್ರಾರ್ಥನೆಗೆ. ರಾತ್ರಿ ಊಟಕ್ಕೆ ಕೂತಾಗ ಇವರ ಫೋನು ಬಡಿದುಕೊಳ್ಳುತ್ತಲೇ ಇತ್ತು. ಮಗುಚಿ ಇಟ್ಟರು.

ಮಾರ್ಚ್ 2, ಭಾನುವಾರ

ಬರೆಯಬೇಕೋ ಬೇಡವೋ. ಬರೆಯುತ್ತೇನೆ.

ತಿಂಗಳ ಮೊದಲ ಭಾನುವಾರ, ಕರ್ತನ ಭೋಜನ — ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರ. ಎಲ್ಲರೂ ಸಾಲಾಗಿ ವೇದಿಕೆಯ ಕಟಕಟೆಯ ಮುಂದೆ ಮೊಣಕಾಲೂರುತ್ತಾರೆ. ಪಾಸ್ಟರ್ ರೊಟ್ಟಿಯ ತಟ್ಟೆ ಹಿಡಿದು ಬರುತ್ತಾರೆ, ಹಿಂದೆ ಇವರು ಸಣ್ಣ ಲೋಟಗಳ ಟ್ರೇ ಹಿಡಿದು. ನನ್ನ ಕೆಲಸ ಆ ಹೊತ್ತಿನಲ್ಲಿ ಮೆಲ್ಲಗೆ ಏನಾದರೂ ನುಡಿಸುತ್ತಿರುವುದು.

ಅಮ್ಮನ ಮೊಣಕಾಲು ಮಡಚುವುದಿಲ್ಲ. ತಮ್ಮ ಅವಳ ತೋಳು ಹಿಡಿದು ಕೂರಿಸಿ ತಾನೂ ಪಕ್ಕದಲ್ಲಿ ಕೂತ. ಪಾಸ್ಟರ್ ಅಮ್ಮನ ಕೈಗೆ ತುಣುಕು ಕೊಟ್ಟರು. ತಮ್ಮ ಅಂಗೈ ಚಾಚಿದ್ದ. ತಟ್ಟೆ ಅವನನ್ನು ದಾಟಿ ಆಚೆಯ ಹೆಂಗಸಿನ ಮುಂದೆ ನಿಂತಿತು. ಮರೆತರೇನೋ ಅಂದುಕೊಂಡೆ. ಆಮೇಲೆ ಇವರು ಬಂದರು. ಅಮ್ಮನಿಗೆ ಲೋಟ ಕೊಟ್ಟರು. ಒಂದು ಕ್ಷಣ ನಿಂತರು. ಟ್ರೇಯನ್ನು ಸ್ವಲ್ಪ ಎದೆಗೆ ಒತ್ತಿಕೊಂಡು, ತಮ್ಮನ ತಲೆಯ ಮೇಲಿಂದ ಗೋಡೆಯನ್ನು ನೋಡುತ್ತ, ದಾಟಿದರು.

ಮರೆತದ್ದಲ್ಲ. ಕಮಿಟಿಯಲ್ಲಿ ಮೊದಲೇ ಮಾತಾಡಿಕೊಂಡಿದ್ದರು.

ತಮ್ಮನ ಕೈ ಹಾಗೆಯೇ ಇತ್ತು. ಎಳೆದುಕೊಳ್ಳಲೂ ತೋಚಲಿಲ್ಲ ಅವನಿಗೆ. ಅಮ್ಮ ತನ್ನ ತುಣುಕನ್ನು ಇನ್ನೂ ಬಾಯಿಗೆ ಹಾಕಿರಲಿಲ್ಲ. ಉಗುರಿನಷ್ಟಿರುವ ಅದನ್ನು ಎರಡು ಮಾಡಿದಳು. ಒಂದನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

"ತಿನ್ನು. ಅದೇನು ಅವರಪ್ಪನ ಮನೇದಲ್ಲ."

ಕಿವಿ ಮಂದವಾದವರು ದನಿ ತಗ್ಗಿಸುವುದಿಲ್ಲ. ಕಡೆಯ ಬೆಂಚಿನವರೆಗೂ ಕೇಳಿಸಿತು. ನಾನು ನುಡಿಸುವುದನ್ನು ನಿಲ್ಲಿಸಲಿಲ್ಲ. ಬೆರಳು ತಮ್ಮಷ್ಟಕ್ಕೆ ಆಡುತ್ತಿದ್ದವು.

ಮನೆಗೆ ಬಂದು ಇವರನ್ನು ಕೇಳಿದೆ.

"ಪಾಸ್ಟರ್ ಕೊಡದೆ ಇರೋದನ್ನ ನಾನು ಹೇಗೆ ಕೊಡ್ಲಿ? ನಾನು ಟ್ರೇ ಹಿಡಿಯೋನು ಅಷ್ಟೇ. ಏನ್ ಮಾಡ್ಲಿ ಹೇಳು."

ಶರ್ಟು ಬಿಚ್ಚಿ, ಮಡಚಿ, ಮತ್ತೆ ಬಿಚ್ಚಿ ಮಡಚಿದರು.

ಮಾರ್ಚ್ 6, ಗುರುವಾರ

ಅಮ್ಮ ಇವರ ಜೊತೆ ಮಾತು ಬಿಟ್ಟಿದ್ದಾಳೆ. ಇವರು ಎದುರಿಗೇ ನಿಂತಿದ್ದರೂ ನನ್ನನ್ನು ಕರೆದು, ಅಳಿಯಂದಿರಿಗೆ ಹೇಳು, ಬಾತ್‌ರೂಮಿನ ಬಲ್ಬು ಹೋಗಿದೆ ಎನ್ನುತ್ತಾಳೆ. ನಾನು ತಿರುಗಿ ಇವರಿಗೆ ಹೇಳಬೇಕು. ಇವರು, ಸಂಜೆ ತರುತ್ತೇನೆ ಅಂತ ಅತ್ತೆಗೆ ಹೇಳು ಎನ್ನುತ್ತಾರೆ. ಒಂದೇ ಅಡುಗೆಮನೆಯಲ್ಲಿ ನಾನು ಪೋಸ್ಟ್‌ಮ್ಯಾನ್.

ನಗು ಬರಬೇಕಿತ್ತು.

ಮಾರ್ಚ್ 15, ಶನಿವಾರ

ಪಾಸ್ಟರ್ ಮನೆಗೇ ಬಂದರು. ಬಿಸ್ಕತ್ತು ಮುಟ್ಟಲಿಲ್ಲ. ಅಮ್ಮ ನಾಳೆ ಸಭೆಯ ಮುಂದೆ ಎದ್ದು ನಿಂತು, ಸಂಸ್ಕಾರಕ್ಕೆ ಅಗೌರವವಾಯಿತು, ಕ್ಷಮಿಸಿ ಎಂದರೆ ಸಾಕಂತೆ. ಒಂದು ವಾಕ್ಯ. ವಯಸ್ಸಾಯಿತು, ತಿಳಿಯದೆ ಆಯಿತು ಎಂದು ಬೇಕಾದರೆ ಸೇರಿಸಲಿ ಎಂದರು. ಇವರು ತಲೆ ಬಗ್ಗಿಸಿ ಕೂತಿದ್ದರು.

"ತಿಳಿದೇ ಮಾಡಿದ್ದು" ಎಂದಳು ಅಮ್ಮ. "ಮಗು ಕೈ ಚಾಚಿದಾಗ ಕೊಡೋದಕ್ಕೆ ನನಗೆ ಯಾರ ಪರ್ಮಿಷನ್ನೂ ಬೇಕಾಗಿಲ್ಲ."

ಪಾಸ್ಟರ್ ಹೋದ ಮೇಲೆ ತನ್ನ ಬಟ್ಟೆ, ಮಾತ್ರೆ, ಹಲ್ಲಿನ ಡಬ್ಬಿ ಎಲ್ಲ ಬ್ಯಾಗಿಗೆ ತುಂಬಿದಳು. ತಮ್ಮನಿಗೆ ಫೋನ್ ಮಾಡು ಎಂದಳು. ಬೇಡಮ್ಮ ಎಂದೆ. ಇವರೂ ಬಾಗಿಲ ತನಕ ಬಂದು, ಅತ್ತೆ, ಇದು ನಿಮ್ಮನೆ ಎಂದರು. ಅಷ್ಟು ದಿನದಲ್ಲಿ ಮೊದಲ ಸಲ ಅಮ್ಮ ಇವರ ಮುಖ ನೋಡಿದಳು. ಬ್ಯಾಗಿನ ಜಿಪ್ಪು ಎಳೆದಳು.

ತಮ್ಮನ ಮನೆ ಟಯರ್ ಅಂಗಡಿಯ ಮೇಲೆ. ಎರಡು ಕೋಣೆ, ಕಡಿದಾದ ಮೆಟ್ಟಿಲು. ಒಂದೊಂದು ಮೆಟ್ಟಿಲಿಗೂ ನಿಂತು ಹತ್ತಿದಳು. ಕೈ ಕೊಡಲು ಹೋದೆ. ಬೇಡ ಎಂದಳು.

ಏಪ್ರಿಲ್ 10, ಗುರುವಾರ

ಮತದಾನ. ಇವರು ದಾರಿಯುದ್ದಕ್ಕೂ ಏನೂ ಕೇಳಲಿಲ್ಲ, ಹೊರಗೆ ಬಂದ ಮೇಲೂ ಕೇಳಲಿಲ್ಲ. ಯಾರಿಗೆ ಹಾಕಿದೆ ಎಂದು ಇಲ್ಲಿಯೂ ಬರೆಯುವುದಿಲ್ಲ. ಒಂದಾದರೂ ನನ್ನೊಬ್ಬಳದಾಗಿ ಇರಲಿ.

ಏಪ್ರಿಲ್ 12, ಶನಿವಾರ

ಕೋಟು ಗೆದ್ದ. ಚರ್ಚಿನ ಗಂಟೆ ಬಾರಿಸಿದರು. ನಾಳೆ ಕೃತಜ್ಞತಾ ಆರಾಧನೆ — ಆರು ಹಾಡು. ತಮ್ಮ ಫೋನ್ ಎತ್ತುತ್ತಿಲ್ಲ.

ಜೂನ್ 17, ಮಂಗಳವಾರ

ಎಷ್ಟು ದಿನವಾಯಿತು ಇದನ್ನು ಮುಟ್ಟಿ. ಬರೆಯಲು ಏನಿತ್ತು? ಲ್ಯಾಬು, ಮನೆ, ಭಾನುವಾರ ಕೀಬೋರ್ಡು. ಬುಧವಾರಗಳಲ್ಲಿ ಅಮ್ಮನ ಹತ್ತಿರ ಹೋಗಿ ಕಾಲು ನೀವಿ ಬರುವುದು. ನನ್ನ ಮೇಲೆ ಸಿಟ್ಟಿಲ್ಲ ಅವಳಿಗೆ. ಅದೇ ಕಷ್ಟ.

ಇವತ್ತಿನದನ್ನು ಬರೆಯದಿದ್ದರೆ ನಾಳೆ ನಾನೇ ನಂಬುವುದಿಲ್ಲ. ಕೋಟು ಪಕ್ಷ ಬದಲಿಸಿದ. ಕೊಡೆ ಮಡಚಿಟ್ಟು ಗಂಟೆಗೆ ಹೋದ. ಅಲ್ಲಿ ಮಂತ್ರಿ ಮಾಡುತ್ತಾರಂತೆ. ಟಿವಿಯಲ್ಲಿ ನಾನು ಜೋಡಿಸಿದ ಹಲ್ಲಷ್ಟನ್ನೂ ತೋರಿಸಿ ನಗುತ್ತಿದ್ದ. ಇವರು ರಿಮೋಟ್ ಹಿಡಿದು ನಿಂತೇ ಇದ್ದರು. ಆರಿಸಲೂ ಇಲ್ಲ, ಕೂರಲೂ ಇಲ್ಲ.

ಜೂನ್ 22, ಭಾನುವಾರ

ಪಾಸ್ಟರ್ ತಡವರಿಸುತ್ತಾರೆ ಅಂದುಕೊಂಡಿದ್ದೆ. ಇಲ್ಲ. ದೇವರು ಮನುಷ್ಯರನ್ನು ಒಂದು ಮನೆಯಿಂದ ಇನ್ನೊಂದಕ್ಕೆ ಕರೆಯುತ್ತಾನೆ ಎಂದರು. ನೆರಳಿನ ಕಾಲ ಮುಗಿಯಿತು, ಇದು ಎಚ್ಚರಿಸುವ ಕಾಲ, ಮತ್ತು ಎಚ್ಚರಿಸುವುದು ಯಾವುದು? ಈ ಸಲ ಯಾರನ್ನೂ ಎರಡನೆಯ ಸಲ ಕೇಳಬೇಕಾಗಲಿಲ್ಲ.

ಜೂನ್ 27, ಶುಕ್ರವಾರ

ಕೋಟೂ ತಮ್ಮನೂ ಈಗ ಒಂದೇ ಪಕ್ಷ. ತಮ್ಮನನ್ನು ಮತ್ತೆ ಚರ್ಚಿಗೆ ಕರೆತರುವ ಕೆಲಸ ಇವರಿಗೇ ಬಿತ್ತು. ಪಾಸ್ಟರ್ ಹೇಳಿದ್ದು — ಸೆಕ್ರೆಟರಿಯೂ ನೀವೇ, ಬಾವನೂ ನೀವೇ. ಇವರು ಹೊಸ ಶರ್ಟು ಹಾಕಿಕೊಂಡು ಹೋದರು. ಅಮ್ಮ ಒಳಕೋಣೆಯಿಂದ ಹೊರಗೆ ಬರಲಿಲ್ಲವಂತೆ. ತಮ್ಮ ಮೆಟ್ಟಿಲಲ್ಲೇ ನಿಲ್ಲಿಸಿ ಮಾತಾಡಿದನಂತೆ. ಏನಂದ ಎಂದೆ. ಯೋಚಿಸ್ತೀನಿ ಅಂದ ಎಂದರು.

ಅವನು ಯೋಚಿಸುವವನಲ್ಲ. ಮುಖದ ಮೇಲೆ ಬಾಗಿಲು ಹಾಕಿರುತ್ತಾನೆ, ಇವರು ಮಾನ ಉಳಿಸಿಕೊಳ್ಳಲು ಹೀಗೆ ಹೇಳುತ್ತಿದ್ದಾರೆ ಅಂದುಕೊಂಡೆ. ಒಳಗೊಳಗೇ ಖುಷಿಯಾಯಿತು. ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಮಾಡಿದೆ.

ಜುಲೈ 3, ಗುರುವಾರ

ತಮ್ಮ ಲ್ಯಾಬಿಗೆ ಬಂದ. ಹೊರಗೆ ನಿಂತು ಕರೆದ. ಕೈಯಲ್ಲಿ ಮೇಣದ ಚಾಕು ಹಾಗೇ ಇತ್ತು, ಹೋದೆ.

ಭಾನುವಾರ ಚರ್ಚಿಗೆ ಬರುತ್ತಾನಂತೆ. ಪಕ್ಷದಿಂದ ಹೇಳಿದ್ದಾರೆ. ಕೋಟಿನ ಪಕ್ಕದಲ್ಲಿ ಕೂರಬೇಕು, ಸಂಸ್ಕಾರ ತಗೊಳ್ಳಬೇಕು, ಫೋಟೋ ಬೇಕು. ಆಸ್ಪತ್ರೆಯ ಕಮಿಟಿಗೆ ಅವನ ಹೆಸರು ಹಾಕುತ್ತಾರಂತೆ.

ಹೆರಿಗೆ ವಾರ್ಡು ಏನಾಯಿತು ಎಂದೆ. ಖಾಸಗಿಯವರಿಗೆ ಕೊಡುವುದು ಖಚಿತವಾಗಿದೆ, ಆದರೆ ಹಂತ ಹಂತವಾಗಿ ಮಾತಾಡುತ್ತೇವೆ ಎಂದ. ಯಾರ ಮಾತು ಇದು? ಅವನ ಬಾಯಲ್ಲಿ ಅಳತೆ ತಪ್ಪಿದ ಸೆಟ್ಟಿನ ಹಾಗೆ ಕೂತಿತ್ತು.

"ಒಳಗಿದ್ರೇನೆ ಏನಾದ್ರೂ ಮಾಡೋಕಾಗೋದು ಅಕ್ಕ. ಹೊರಗೆ ನಿಂತು ಕೂಗಿ ಏನು ಸಿಕ್ತು? ಏನ್ ಮಾಡ್ಲಿ, ನೀನೇ ಹೇಳು."

ಈ ಪ್ರಶ್ನೆಯನ್ನು ನನಗೆ ಕೇಳಿದ ಎರಡನೆಯ ಗಂಡಸು. ಅಮ್ಮನಿಗೆ ಗೊತ್ತಾ ಎಂದೆ.

"ಭಾನುವಾರ ಡ್ಯೂಟಿ ಅಂತ ಹೇಳಿದೀನಿ. ನೀನೂ ಏನೂ ಹೇಳ್ಬೇಡ."

ಜುಲೈ 6, ಭಾನುವಾರ. ಬೆಳಿಗ್ಗೆ

ನಾನು ಬರಲ್ಲ ಎಂದೆ. ಇವರು ಬೂಟು ಕಟ್ಟುತ್ತಿದ್ದವರು ತಲೆ ಎತ್ತಿದರು. ಮೈ ಹುಷಾರಿಲ್ಲವಾ? ಹುಷಾರಿದ್ದೇನೆ. ಮತ್ತೆ ನುಡಿಸುವವರು ಯಾರು? ಯಾರಾದರೂ. ಬರೀ ಬಾಯಲ್ಲಿ ಹಾಡಲಿ. ಬೂಟು ಕಟ್ಟಿ ಮುಗಿಸಿ ಹೋದರು. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡರು. ಜೋರಾಗಿ ಬಡಿದಿದ್ದರೆ ಒಳ್ಳೆಯದಿತ್ತು.

ಅದೇ ದಿನ, ಮಧ್ಯಾಹ್ನ, ಅಮ್ಮನ ಕೋಣೆ

ಅಮ್ಮ ಮಲಗಿದ್ದಾಳೆ. ಡೈರಿ ಬ್ಯಾಗಿನಲ್ಲೇ ಇತ್ತು. ಕಿಟಕಿಯ ಪಕ್ಕ ಕೂತು ಬರೆಯುತ್ತಿದ್ದೇನೆ. ಕೆಳಗಿನ ಅಂಗಡಿಗೆ ರಜೆ, ಆದರೂ ರಬ್ಬರಿನ ವಾಸನೆ.

ನಾನು ಬಂದಾಗ ತಲೆ ಬಾಚಿ, ಒಗೆದ ಬಟ್ಟೆ ಉಟ್ಟು ಮಂಚದ ಮೇಲೆ ಕೂತಿದ್ದಳು. ಚರ್ಚಿಗೆ ಹೋಗದ ಭಾನುವಾರಗಳಲ್ಲೂ ಹಾಗೆಯೇ ಕೂರುತ್ತಾಳಂತೆ, ಆರಾಧನೆ ಮುಗಿಯುವ ಹೊತ್ತಿನವರೆಗೆ. ನೀನು ಯಾಕೆ ಹೋಗಿಲ್ಲ ಎಂದಳು. ನಿನ್ನ ಜೊತೆ ಇರೋಣ ಅನ್ನಿಸಿತು ಎಂದೆ. ನಂಬಿದಳು. ಇಬ್ಬರೂ ಒಂದು ಹಾಡು ಹೇಳಿದೆವು. ಅವಳು ಒಂದು ಸಾಲು ಹಿಂದೆ, ನಾನು ಕಾಯುತ್ತ.

ಆಮೇಲೆ ಮಗನ ಮಾತು. ಭಾನುವಾರವೂ ಡ್ಯೂಟಿ ಹಾಕುತ್ತಾರೆ, ಸೇಡು ತೀರಿಸಿಕೊಳ್ಳುತ್ತಿದ್ದಾರೆ ಎಂದಳು. ಪರವಾಗಿಲ್ಲ, ಅವನು ಗಟ್ಟಿಗ ಎಂದಳು.

"ಅಷ್ಟು ಜನದ ಮಧ್ಯೆ ಅವನೊಬ್ಬ ಬಗ್ಗಲಿಲ್ಲ ನೋಡು. ಅದಕ್ಕೇ ಈ ಮೆಟ್ಟಿಲು ಹತ್ತಿ ಬಂದೆ ನಾನು."

ಮಂಚದ ಮೇಲಿದ್ದ ನನ್ನ ಫೋನು ಅದುರಿತು. ಚರ್ಚಿನ ಗ್ರೂಪು. ಫೋಟೋ. ಕಟಕಟೆಯ ಮುಂದೆ ಕೆನೆ ಕೋಟು, ಪಕ್ಕದಲ್ಲಿ ತಮ್ಮ. ಪಾಸ್ಟರ್ ರೊಟ್ಟಿ ಕೊಟ್ಟಾಗಿದೆ. ಇವರು ಟ್ರೇ ಹಿಡಿದು ಬಗ್ಗಿದ್ದಾರೆ, ತಮ್ಮ ಲೋಟ ತೆಗೆದುಕೊಳ್ಳುತ್ತಿದ್ದಾನೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿಲ್ಲ. ಇಬ್ಬರೂ ಕ್ಯಾಮೆರಾ ನೋಡುತ್ತಿದ್ದಾರೆ.

ಯಾರದು ಎಂದಳು ಅಮ್ಮ. ಲ್ಯಾಬಿನದು ಎಂದೆ. ಭಾನುವಾರವೂ ಬಿಡುವುದಿಲ್ಲವಾ ಅವರು ಎಂದು ಮಗ್ಗುಲಾದಳು. ಅವಳ ಉಸಿರು ಒಂದೇ ಲಯಕ್ಕೆ ಬರುವವರೆಗೂ ಬೆನ್ನು ನೀವುತ್ತಿದ್ದೆ.

ಹೇಳಬೇಕು. ಸಾಯಂಕಾಲ ಪಕ್ಕದವರು ಹೇಳುವ ಮೊದಲು ನಾನೇ ಹೇಳಬೇಕು. ಇಲ್ಲ, ಅವನೇ ಹೇಳಲಿ. ಅವನ ಬಾಯಿಂದಲೇ ಬರಲಿ. ಮೆಟ್ಟಿಲು ಇಳಿದು ಅವಳು ಎಲ್ಲಿಗೆ ಹೋಗುತ್ತಾಳೆ ಇನ್ನು? ನನ್ನ ಮನೆಗಾ? ಅಲ್ಲಿ ಇವರಿದ್ದಾರೆ. ಇಲ್ಲಿ ಇವನು.

ಸ್ಕೂಟರ್ ನಿಂತ ಸದ್ದು — ಅಮ್ಮನ ಮಂದ ಕಿವಿಗೂ ಇದೊಂದು ಕೇಳುತ್ತದೆ. ಅಮ್ಮ ಎದ್ದು ಕೂತಳು, ಕೂದಲು ಸರಿ ಮಾಡಿಕೊಳ್ಳುತ್ತಿದ್ದಾಳೆ. ಬಂದ, ಪಾಪ ಏನೂ ತಿಂದಿರಲ್ಲ, ಅನ್ನ ಬಿಸಿ ಮಾಡು ಎನ್ನುತ್ತಿದ್ದಾಳೆ. ಮೆಟ್ಟಿಲ ಮೇಲೆ ಹೆಜ್ಜೆ. ನಾನು ಇಲ್ಲಿರುವುದು ಅವನಿಗೆ ಗೊತ್ತಿಲ್ಲ. ಬಾಗಿಲು ತೆಗೆದು ಮೊದಲು ನನ್ನ ಮುಖ ನೋಡಿದರೆ —