ಮೋಟಾರಿಲ್ಲದ ವಿಮೆಗೆ ಪೂಜೆ

ಪುಣೆ, ಆಶ್ವೀಜ ಶುದ್ಧ ನವಮಿ, ೧೯೪೬

ಇಂದೂ ಉಪವಾಸ. ನಸುಕಿಗೇ ಅಂಗಳ ಸಾರಿಸಿ, ಲಿಂಗಪೂಜೆ ಮುಗಿಸಿ, ಖಂಡೇಪೂಜೆಗೆ ಅಂಗಡಿಯ ತಕ್ಕಡಿ, ಹೊಲಿಗೆ ಯಂತ್ರ ಒರೆಸಿಟ್ಟೆ. ಮೋಟಾರು ಮಾತ್ರ ಇಲ್ಲ. ಹಳೆಯದನ್ನು ಮಾರಿ ಎರಡು ತಿಂಗಳಾಯಿತು. ಹೊಸದು ತರುತ್ತೇನೆಂದು ಮನೆಯವರು ಹೇಳುತ್ತಲೇ ಇದ್ದಾರೆ. ಹಳೆಯದರ ವಿಮೆಯ ಕಾಗದವನ್ನೇ ಮಣೆಯ ಮೇಲಿಟ್ಟು ಕುಂಕುಮ ಏರಿಸಿದೆ.

ಅಷ್ಟರಲ್ಲಿ ನೆಗೆಣ್ಣಿ, ಮೈದುನನ ಹೆಂಡತಿ ರುದ್ರವ್ವ, ತನ್ನ ಹೊಸ ಮೋಟಾರಿಗೆ ಚೆಂಡುಹೂವಿನ ಮಾಲೆ ಹಾಕಿಸಿಕೊಂಡು ಬಂದಳು.

"ಅಕ್ಕಾರ, ಕಾಗದದ ಮ್ಯಾಲ ಕುಂತು ಭೋರ ಊರಿಗೆ ಹೊಂಟೀರೇನ್ರಿ?" ಎಂದು ನಕ್ಕಳು.

ಮನೆಯವರೂ ನಕ್ಕರು. "ಗಾಡೀನ ಇಲ್ಲ, ವಿಮಾ ಯಾಕ? ನಾಡಿದ್ದ ರದ್ದ ಮಾಡಸ್ತೇನಿ" ಎಂದರು.

ಅದು ರದ್ದಾದರೆ ಹೊಸ ಮೋಟಾರಿನ ಮಾತೂ ಅಲ್ಲಿಗೇ ಮುಗಿಯಿತು. ಅವರನ್ನು ನಾನು ಬಲ್ಲೆ. ವಿಮೆಯನ್ನು ಸದ್ಯಕ್ಕೆ ತಡೆದಿಟ್ಟು, ಆಮೇಲೆ ಹೊಸ ಗಾಡಿಗೆ ವರ್ಗ ಮಾಡಬಹುದೇ ಎಂದು ಬೀದಿ ಕೊನೆಯ ಏಜಂಟರಿಗೆ ನಾನೇ ಚೀಟಿ ಕಳಿಸಿದೆ.

ಶಿವನೇ, ಉಪವಾಸದ ಹೊಟ್ಟೆಯಲ್ಲಿ ಇಷ್ಟು ಉರಿ ಇರಬಾರದು. ಜಪಕ್ಕೆ ಕುಳಿತರೂ ಅವಳ ಹಾರ್ನೇ ಕೇಳಿಸುತ್ತದೆ.

ಸಾವಂತ್ರೀ, ಮಗಳೇ, ನಿನ್ನಪ್ಪನೆದುರು ಹೇಳಲಾಗದೆ ಇಲ್ಲಿ ಬರೆದಿದ್ದೇನೆ. ನಾಳೆ ಬನ್ನಿ ಎಲೆ ಕೊಡಲು ಹೋದಾಗ ಏಜಂಟರ ಉತ್ತರ ಇಸಿದುಕೊಂಡು ಬಾ. ಚಿಕ್ಕವ್ವನ ಮೋಟಾರು ಹತ್ತಬೇಡ, ನಡೆದೇ ಹೋಗು.