ಒಪ್ಪಿದ ಮೇಲೂ ಸತ್ತವರು

ಜನವರಿ ೧೯, ರವಿವಾರ
ಇವತ್ತೂ ತಾಲೀಮು. ಗಂಟಲು ಬಿದ್ದಿದೆ. ಮಂಜಗುಣಿಯ ನಾಟಕದಲ್ಲಿ ಯಾರೂ ಮಾತು ಬಾಯಿಪಾಠ ಮಾಡುವವರಲ್ಲ. ಪರದೆ ಮರೆಯಿಂದ ಪ್ರಾಂಪ್ಟರ್ ಓದಬೇಕು, ಇವರು ಹಾಗೇ ಹೇಳಬೇಕು. ಸುಮಿತಾ ಚೆನ್ನಾಗಿ ಓದುತ್ತಾಳೆ ಅಂತ ಡೈರೆಕ್ಟರ್ ಗುರುಪ್ರಸಾದಣ್ಣ ನನ್ನನ್ನೇ ಕೂರಿಸಿದ್ದಾನೆ. ದಿನವಿಡೀ ಅಂಕೋಲೆಯ ಝೆರಾಕ್ಸ್ ಅಂಗಡಿ, ಸಂಜೆ ಇಲ್ಲಿ ಪ್ರೇಮಿಗಳನ್ನು ಸಾಯಿಸುವ ಕೆಲಸ.

ಹುಡುಗಿಯ ಅಪ್ಪ ಒಪ್ಪುವುದಿಲ್ಲ, ಇಬ್ಬರೂ ವಿಷ ಕುಡಿಯುತ್ತಾರೆ. ಅಷ್ಟೇ ಕಥೆ. ಆ ಅಪ್ಪನ ಪಾತ್ರ ನನ್ನ ಅಪ್ಪನಿಗೇ ಸಿಗಬೇಕಿತ್ತೇ...

ಜನವರಿ ೨೬
ಚಹಾದ ಹೊತ್ತಿಗೆ ಜಗಳ. ಇಬ್ಬರನ್ನು ಕೊಂದವರು ಯಾರು? ಗುರುಪ್ರಸಾದಣ್ಣ ಜಾತಿಯ ಮೇಲೆ ಹಾಕಿದ. ಹೀರೋ ಸುನಿಲ ವಿಧಿ ಎಂದ — ಅವನಿಗೆ ಸಾಯುವ ಸೀನ್ ಇದ್ದರೆ ಸಾಕು, ತಿಂಗಳಿಂದ ಕನ್ನಡಿ ಮುಂದೆ ಅದನ್ನೇ ಮಾಡುತ್ತಿದ್ದಾನೆ. ಅಪ್ಪ ತನ್ನ ಪಾತ್ರದ ವಕೀಲನಾಗಿ ಎದ್ದು ನಿಂತ. ಹೆತ್ತವನು ಬೇಡ ಎನ್ನುವುದು ತಪ್ಪಲ್ಲ, ವಿಷ ಕುಡಿದವರದ್ದೇ ತಪ್ಪಂತೆ. ಮನೆಗೆ ಬಂದು ಇದನ್ನೆಲ್ಲ ಹೇಳಿದರೆ ಅವ್ವಿ ಮೀನು ಕೊಯ್ಯುತ್ತಾ ಒಂದೇ ಮಾತು ಕೇಳಿದಳು: "ಆ ಅಪ್ಪ ಮಗಳ ಹತ್ರ ಒಂದ್ಸಲನಾದ್ರೂ ಕೇಳಿದ್ನಾ?"

ನಾನು ಮೆಚ್ಚಿದ ಪ್ರದೀಪ ಕದ್ವಾಡದವನು. ಬಿಣಗಾದ ಫ್ಯಾಕ್ಟರಿಯಲ್ಲಿ ಕೆಲಸ. ಒಳ್ಳೆಯವನು. ನಮ್ಮ ಜಾತಿಯಲ್ಲ. ಮುಂದಿನ ತಿಂಗಳು ಮನೆಯವರನ್ನು ಕರೆದುಕೊಂಡು ಬರುತ್ತಾನಂತೆ, ಅಷ್ಟರೊಳಗೆ ಅಪ್ಪನಿಗೆ ಹೇಳು ಅಂತಾನೆ. ಊರಿಗೆಲ್ಲ ಮಾತು ಹೇಳಿಕೊಡುತ್ತೇನೆ, ನನ್ನದೊಂದು ಮಾತು ಹೇಳಲು ಭಯ.

ಫೆಬ್ರವರಿ ೯, ಮಧ್ಯಾಹ್ನ
ನಿನ್ನೆ ನಾಟಕ. ಈಗ ಎದ್ದೆ. ಬರೆಯದಿದ್ದರೆ ಹೊಟ್ಟೆ ಒಡೆಯುತ್ತದೆ.

ಮೂರನೇ ಅಂಕ. ನಾಯಕಿ ಅಪ್ಪನ ಕಾಲು ಹಿಡಿದು ಅಳುತ್ತಿದ್ದಳು — ಕಾರವಾರದಿಂದ ಕರೆಸಿದ ಕಲಾವಿದೆ ಕವಿತಾ, ಅಳುವುದರಲ್ಲಿ ಎತ್ತಿದ ಕೈ. ಅಪ್ಪನಿಗೆ ನಾನು ಓದಿಕೊಡಬೇಕಾದ ಸಾಲು: ನನ್ನ ಹೆಣದ ಮೇಲೆ ಈ ಮದುವೆ. ಓದಲಿಲ್ಲ. ಟಾರ್ಚ್ ಕೆಟ್ಟಿತು ಅಂತ ಎಲ್ಲರಿಗೂ ಹೇಳಿದ್ದೇನೆ. ಟಾರ್ಚ್ ಚೆನ್ನಾಗಿಯೇ ಇತ್ತು. ಬಾಯಿ ಮುಚ್ಚಿಕೊಂಡವಳು ನಾನು.

ಅಪ್ಪ ಕಾದ. ಕೆಮ್ಮಿದ. ಪರದೆ ಕಡೆ ತಿರುಗಿದ. ನಾನು ಅಳುತ್ತಿದ್ದೆ, ನೋಡಿದ. ಆಮೇಲೆ ಬಗ್ಗಿ ಕವಿತಾಳ ತಲೆ ಮುಟ್ಟಿದ.

"ಏಳು ಮಗಾ. ನಿಂಗೆ ಅಂವನೇ ಬೇಕಂದ್ರೆ ನಾ ಬ್ಯಾಡ ಅಂದು ಎಂತ ಮಾಡೂದು."

ಶಿಳ್ಳೆ, ಚಪ್ಪಾಳೆ. ಮದುವೆ ಆಯಿತಲ್ಲ ಅಂತ ಹಿಂದೆ ಕೂತ ಹೆಂಗಸರು ಚಾಪೆ ಸುತ್ತಿಕೊಂಡು ಎದ್ದರು. ಆದರೆ ಸುನಿಲ ಬಿಡುವವನೇ? ಮಾವ ಒಪ್ಪಿದ ಮೇಲೂ ಬಾಟಲಿ ತಂದು ಕುಡಿದ. ಸಾವಕಾಶ ಒದ್ದಾಡಿ ಸತ್ತ. ಕವಿತಾ ಪಾಪ ಏನು ಮಾಡುತ್ತಾಳೆ, ಉಳಿದದ್ದನ್ನು ಅವಳೂ ಕುಡಿದಳು.

ಫೆಬ್ರವರಿ ೧೦
ಊರಲ್ಲೆಲ್ಲ ಒಂದೇ ಚರ್ಚೆ. ಒಪ್ಪಿದ ಮೇಲೂ ಯಾಕೆ ಸತ್ತರು? ಗುರುಪ್ರಸಾದಣ್ಣ ನನ್ನನ್ನೂ ಸುನಿಲನನ್ನೂ ಸೇರಿಸಿ ಬೈದ. ಅಪ್ಪನಿಗೆ ಮಾತ್ರ ಗತ್ತು: "ನಾ ಒಪ್ಪಿದ್ದೆ. ಇನ್ನು ನನ್ನ ತಲೆಗೆ ಕಟ್ಟೂದಲ್ಲ."

ಸಂಜೆ ಅಂಗಳದಲ್ಲಿ ಕೇಳಿಯೇ ಬಿಟ್ಟೆ. ಅಲ್ಲಿ ಹೇಳಿದ್ದು ಮನೆಯಲ್ಲೂ ಹೌದೇ ಎಂದೆ. ಪ್ರದೀಪನ ಹೆಸರು, ಊರು, ಜಾತಿ, ಎಲ್ಲ ಹೇಳಿದೆ. ಅಪ್ಪ ಬೀಡಿ ಮುಗಿಸಿ ಎದ್ದು ಹೊಳೆ ಕಡೆ ಹೋದ.

ಫೆಬ್ರವರಿ ೧೮
ಎಂಟು ದಿನದಿಂದ ಅಪ್ಪ ನಾನು ಏಳುವ ಮೊದಲೇ ಹೊಳೆ ಕಡೆ ಹೋಗುತ್ತಿದ್ದ. ಇವತ್ತು ಊಟಕ್ಕೆ ಕೂತು ಸಾರು ಬಡಿಸಿಕೊಳ್ಳುತ್ತಾ ಕೇಳಿದ, ಕದ್ವಾಡದಲ್ಲಿ ಅವರ ಮನೆ ಎಲ್ಲಿ ಅಂತ. ಅವ್ವಿ ನನಗೆ ಕಣ್ಣು ಹೊಡೆದಳು.

ಫೆಬ್ರವರಿ ೨೩, ರವಿವಾರ, ಬೆಳಿಗ್ಗೆ
ಅವರು ಬರುವ ದಿನ. ಅವ್ವಿ ವಡೆ ಕರಿಯುತ್ತಿದ್ದಾಳೆ. ಅಪ್ಪ ನಾಟಕದ ಶಾಲನ್ನೇ ಹೊದ್ದು ಜಗುಲಿಯಲ್ಲಿ ಕೂತಿದ್ದಾನೆ. ತಡೆಯಲಾಗದೆ ಹೋಗಿ ಕೇಳಿದೆ, ಬಾಗಿಲ ಮರೆಯಲ್ಲಿ ನಿಲ್ಲಲೇ ಅಂತ.

"ಬ್ಯಾಡ. ಆವತ್ತ್ ಹೇಳಿದ್ ಮಾತು ನಂಗೆ ಬಾಯಿಪಾಠ ಅದೆ."

ಓಡಿ ಬಂದು ಇದನ್ನು ಬರೆಯುತ್ತಿದ್ದೇನೆ. ಗಾಡಿ ನಿಂತ ಸದ್ದು. ಅಪ್ಪ ಕೆಮ್ಮಿದ. ಈಗ ಹೇಳು ಅಪ್ಪ, ಏಳು ಮಗಾ ಅಂತ —