ಮೊದಲ ಬುಟ್ಟಿ ಯಾರಿಗೆ

ಮಾರ್ಚ್ 3, ಬೆಳಗ್ಗೆ

ನಾನು ಬಸುರಿ, ಬಸುರಿ, ನಿಜವಾಗಿಯೂ ಬಸುರಿ! ಕಡ್ಡಿಯ ಮೇಲೆ ಎರಡು ಗೆರೆ. ಒಬುರಾ ದೋಣಿ ಇಳಿಯುವ ಮೊದಲೇ ಹೇಳಬೇಕೆಂದು ಸರೋವರದ ದಡಕ್ಕೆ ಓಡಿದೆ. ನನ್ನ ಹ್ಯಾಂಡ್‌ಸಮ್ ಗಂಡ ಮೊಣಕಾಲುದ್ದ ನೀರಿನಲ್ಲಿ ನಿಂತು ಬೆರಳುದ್ದದ ಒಮೆನಾ ಮೀನಿನ ಮೊದಲ ಬುಟ್ಟಿ ತುಂಬಿಸುತ್ತಿದ್ದ... ಮೀನು ಮಾರುವ ಅಪೊಂಡಿಗೆ. ಅದೂ ನಗುತ್ತ. ದಿನಾ ಅವಳಿಗೇ ಮೊದಲು.

ಪಕ್ಕದಲ್ಲಿ ಮೀನು ಒಣಹಾಕುತ್ತಿದ್ದ ಮಿನ್ ಒಗೋಲಾ ನನ್ನ ಮುಖ ನೋಡಿದಳು. "ಯಾಕೆ ನೈರೋಬಿ ಮಗಳೇ, ಹುಳಿ ತಿಂದಂಗಿದೀಯ? ಇಲ್ಲಿ ದೋಣಿಗೊಬ್ಬಳು ಇರ್ತಾಳೆ ಕಣಮ್ಮ. ಬರೀ ದುಡ್ಡಿಗೆ ಯಾವ ಗಂಡಸು ಮೀನು ಕೊಡ್ತಾನೆ?"

ಒಬುರಾಗೆ ಸುದ್ದಿ ಹೇಳಿದೆ. ಎತ್ತಿಕೊಂಡು ಗಿರಗಿರ ತಿರುಗಿಸಿದ. ಸ್ವರ್ಗ. ಆದರೆ ಅಪೊಂಡಿ ನೋಡುತ್ತಲೇ ಇದ್ದಳು.

ಮಾರ್ಚ್ 9

ಬಸುರಿಯರ ತಪಾಸಣೆಗೆ ಕ್ಲಿನಿಕ್‌ಗೆ ಹೋಗಿದ್ದೆ. ಎಚ್‌ಐವಿ ಟೆಸ್ಟ್ — ನೆಗೆಟಿವ್. ಥ್ಯಾಂಕ್ ಗಾಡ್. ಹೊರಬಂದರೆ ಅಪೊಂಡಿ ಕೂತಿದ್ದಾಳೆ. ಇವಳೂ ಬಸುರಿಯೇ? ಯಾರದು? ಆಮೇಲೆ ಗೊತ್ತಾಯಿತು, ಅದು ಬಸುರಿಯರ ಸಾಲಲ್ಲ. ಮಾತ್ರೆ ಕೊಡುವ ಸಾಲು. ಪಾಸಿಟಿವ್ ಇದ್ದವರದು. ಅವಳು ಮುಚ್ಚಿಟ್ಟುಕೊಳ್ಳಲೂ ಇಲ್ಲ. "ಬಾ, ಕೂತ್ಕೋ. ಈ ಬಿಸಿಲಲ್ಲಿ ನಿಂತ್ಕೋಬೇಡ" ಎಂದಳು.

ಕೂರಲಿಲ್ಲ. ನಮ್ಮ ಒಬುರಾ... ಅಯ್ಯೋ ದೇವರೇ. ಮನೆಗೆ ಬಂದವಳೇ ಅವನಿಗೂ ಟೆಸ್ಟ್ ಮಾಡಿಸಿಕೋ ಎಂದೆ.

ಮಾರ್ಚ್ 11, ಸಂಜೆ

ಅವನೂ ಟೆಸ್ಟ್ ಮಾಡಿಸಿಕೊಂಡು ಬಂದ. ನೆಗೆಟಿವ್. ಕುಣಿದಾಡಬೇಕಿತ್ತು. ಬದಲಿಗೆ ಜಗಳ ತೆಗೆದೆ.

"ಹಾಗಾದ್ರೆ ಅವಳಿಗ್ಯಾಕೆ ಮೊದಲ ಬುಟ್ಟಿ?"

"ದುಡ್ಡು ಕೊಡ್ತಾಳೆ, ತಗೊಂಡು ಹೋಗ್ತಾಳೆ."

"ದುಡ್ಡು ನಾನೂ ತರ್ತೀನಿ. ಇನ್ಮೇಲೆ ಮೀನು ನಾನೇ ಮಾರೋದು. ಹೆಂಡತಿನೇ ಮೀನು ಕೇಳಿದ್ರೆ ಇಲ್ಲ ಅನ್ನೋ ಹಾಗಿಲ್ಲ ಅಲ್ವಾ ನಿಮ್ಮ ಜನರಲ್ಲಿ?"

ಅವನು ಬಲೆ ಮಡಚಿಟ್ಟ. "ಆಯ್ತು" ಎಂದ. ಗೆದ್ದೆ.

ಮಾರ್ಚ್ 24

ಬೆಳದಿಂಗಳು ಮುಗಿದು, ಕತ್ತಲಲ್ಲಿ ದೀಪ ತೋರಿಸಿ ಮೀನು ಹಿಡಿಯುವ ದೋಣಿಗಳು ಮತ್ತೆ ಹೊರಟಿವೆ. ಮೊದಲ ಬುಟ್ಟಿ ನನ್ನದು! ಅಪೊಂಡಿ ಖಾಲಿ ಬುಟ್ಟಿ ಹಿಡಿದು ದೋಣಿಯಿಂದ ದೋಣಿಗೆ ಅಲೆದಳು. ಎಲ್ಲಕ್ಕೂ ಒಬ್ಬೊಬ್ಬಳು ಇದ್ದಾಳಲ್ಲ. ಮಧ್ಯಾಹ್ನ ದ್ವೀಪದ ಕಡೆಗೆ ಹೊರಟುಹೋದಳಂತೆ. ಹೋಗಲಿ. ಐ ಆಮ್ ಸೋ ಹ್ಯಾಪಿ.

ಏಪ್ರಿಲ್ 30

ಬರೆಯಲು ಮನಸ್ಸೇ ಇರಲಿಲ್ಲ. ಇವತ್ತು ಮಿನ್ ಒಗೋಲಾ ಮೀನು ಮಗುಚುತ್ತ, ನನ್ನ ಕಡೆ ತಿರುಗದೆ ಹೇಳಿದಳು.

"ಅಪೊಂಡಿಗೆ ದ್ವೀಪದಲ್ಲಿ ದೋಣಿ ಸಿಕ್ತು. ಏನು ಕೊಟ್ಟು ಹಿಡಿದ್ಲು ಅಂತ ಕೇಳ್ಬೇಡ. ಅಲ್ಲಿ ಕ್ಲಿನಿಕ್ಕಿಲ್ಲ. ಮೀನು ಬಿಟ್ಟು ಇಲ್ಲಿಗೆ ಬರೋಕೆ ಆಗ್ಲಿಲ್ಲ, ಮಾತ್ರೆ ಮುಗೀತು. ಈಗ ನೈರೋಬೀಲಿ ತಂಗಿ ಮನೇಲಿ ಮಲಗವ್ಳೆ."

"ನಾನೇನು ಹೋಗು ಅಂದ್ನಾ?"

"ಅವಳ ಮೈ ಕೇಳದೆ ಮೀನು ಕೊಡ್ತಿದ್ದೋನು ಈ ದಡದಲ್ಲಿ ನಿನ್ನ ಗಂಡ ಒಬ್ನೇ. ಅವತ್ತು ನಾನು ನಿನ್ನ ಕೆಣಕೋಕೆ ಅಂದದ್ದು. ಅವ್ನಮ್ಮನೂ ಮೀನು ಮಾರ್ತಿದ್ಲು. ದೋಣಿಯೋರು ಕೊಟ್ಟ ಕಾಯಿಲೇಲೇ ಸತ್ಲು. ಹೇಳಿಲ್ವಾ ನಿಂಗೆ?"

ಇಲ್ಲ. ಅಮ್ಮ ನ್ಯುಮೋನಿಯಾದಿಂದ ಸತ್ತಳು ಅಂದಿದ್ದ ನನಗೆ. ಕೇಳಿದ್ದಕ್ಕೆ, "ನೀನು ಅಸಹ್ಯ ಪಡ್ತೀಯ ಅಂದ್ಕೊಂಡೆ" ಎಂದ. ಅಪೊಂಡಿಗಾದರೆ ಎಲ್ಲ ಹೇಳಿದ್ದನಂತೆ. ಅವಳು ಅಲ್ಲಿ ನರಳುತ್ತಿದ್ದಾಳೆ, ನನಗೆ ಇದಕ್ಕೂ ಹೊಟ್ಟೆಕಿಚ್ಚು. ಎಂಥವಳು ನಾನು...

ಮೇ 2

ಅಪೊಂಡಿಗೆ ಫೋನ್ ಮಾಡಿದೆ.

"ವಾಪಸ್ ಬಾ ಅಕ್ಕಾ. ಮಾತ್ರೆ ಶುರುಮಾಡು. ಬುಟ್ಟಿ ನಿಂದೇ."

ಕೆಮ್ಮು. ಬಹಳ ಹೊತ್ತು ಕೆಮ್ಮು. "ಒಬುರಾ ಹೇಳಿಸಿದ್ನಾ?"

"ಇಲ್ಲ, ನಾನೇ."

"ಹೊಟ್ಟೆ ಉರಿಯಲ್ವಾ?"

"ಉರಿಯುತ್ತೆ."

ನಕ್ಕಳು. "ಉರೀಲಿ ಬಿಡು. ಮಗು ಬೆಚ್ಚಗಿರುತ್ತೆ."

ಮೇ 5

ಅವಳು ಬರುತ್ತಾಳೆಂದು ಹೇಳಿದೆ. ಒಬುರಾ ಸಿಳ್ಳೆ ಹಾಕುತ್ತ ಬಲೆ ಹೊಲಿಯುತ್ತಿದ್ದಾನೆ. ಮದುವೆಯಾದ ಮೇಲೆ ಈ ಸಿಳ್ಳೆ ಕೇಳಿದ್ದು ಇದೇ ಮೊದಲು. ಒಳ್ಳೆಯ ಅಂಗಿ ಬೇರೆ ಹೊರಗೆ ತೆಗೆದಿಟ್ಟಿದ್ದಾನೆ. ಸ್ಟೇಷನ್‌ಗೆ ನಾನೇ ಹೋಗುತ್ತೇನೆ, ಒಬ್ಬಳೇ, ಅಲ್ಲಿಂದ ನೇರ ಕ್ಲಿನಿಕ್‌ಗೆ, ಎಂದುಬಿಟ್ಟೆ. ಶುಕ್ರವಾರ ಸಂಜೆ ನೈರೋಬಿ ಬಿಡುವ ರೈಲು. ಶನಿವಾರ ಬೆಳಗ್ಗೆ ಇಲ್ಲಿ ಕಿಸುಮುಗೆ ಬರುತ್ತದೆ. ಆ ಅಂಗಿ ಮಾತ್ರ ಮತ್ತೆ ಪೆಟ್ಟಿಗೆಯೊಳಗೆ ಇಟ್ಟೆ.